ಮಗಳ ಕಚೇರಿಗೆ ನಾವು ಮೂವರು

ಸಂಗೀತ ಕೇಳೋಣ ಅಂತ ಮನೆಯಿಂದ ಹೊರಟರೆ ನಮಗೆ ಸಂಗೀತವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ. ಸೇಲಂನಲ್ಲಿ ಒಂದು ಕಚೇರಿಗೆ ಹೋದಾಗ ಕರೆಂಟು ಹೋಯಿತು. ಇನ್ನೊಂದಕ್ಕೆ ಹೋದಾಗ ಚಪ್ಪಲಿ ಹೋಯಿತು. ಧರ್ಮಪುರಿಗೆ ಅಂತಲೇ ಬಸ್ಸು ಹತ್ತಿ ಹೋದರೆ ಹಾಡುವವರೇ ಬಂದಿರಲಿಲ್ಲ. ಆದರೆ ತೊಂಬತ್ತರ ದಶಕದ ಒಂದು ಮೇ ತಿಂಗಳಲ್ಲಿ ಮೈಸೂರಿನ ಬೇಸಿಗೆ ಸಂಗೀತ ನಾಟಕೋತ್ಸವಕ್ಕೆ ಹೋಗಿಬಂದೆವಲ್ಲ, ಅದರ ಮುಂದೆ ಇವೆಲ್ಲ ಏನೇನೂ ಅಲ್ಲ.

ಹೋದವರು ನಾಲ್ಕು ಜನ. ನಾನು ಸೇಲಂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ನಮ್ಮ ಮನೆಯವರು ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವರು. ಕಾರು ಕಲಿಯುವವರ ಪಕ್ಕ ವರ್ಷಗಟ್ಟಲೆ ಪ್ರಾಣ ಕೈಯಲ್ಲಿ ಹಿಡಿದು ಕೂತು ಕೂತು, ಎಲ್ಲಿ ಕೂತರೂ ಅವರ ಕಾಲು ಸುಮ್ಮನಿರುತ್ತಿರಲಿಲ್ಲ, ಮನಸ್ಸಂತೂ ಅಲ್ಲಿ ಮೊದಲೇ ಇರುತ್ತಿರಲಿಲ್ಲ. ನಮ್ಮತ್ತೆ ಮೇಚೇರಿ ಪಕ್ಕದ ಹಳ್ಳಿಯವರು, ಆಡು ಕುರಿ ಸಾಕಿದವರು. ಬೆಟ್ಟದ ಮೇಲಿನ ಕುರಿಗೆ ಕೇಳುವಂತೆ ಕೂಗಿ ರೂಢಿ, ಆದ್ದರಿಂದ ಅವರ ಪಿಸುಮಾತು ಮೂರು ಮನೆಗೆ ಕೇಳುತ್ತದೆ. ನಾಲ್ಕನೆಯವಳು ನಮ್ಮ ಮಗಳು, ಆಗತಾನೇ ಕಾಲೇಜು ಸೇರಿದ್ದಳು. ಹಾಡಬೇಕಾದವಳು ಅವಳು. ಚಡಪಡಿಸಿದವರು ನಾವು ಮೂವರು.

ಇನ್ನೊಂದು ಮಾತು ಹೇಳಿಬಿಡಬೇಕು. ನಮ್ಮದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕನ್ನಡ ಓದಿದವರು ಯಾರೂ ಇಲ್ಲ. ಆಗ ಕನ್ನಡದ ಅಕ್ಷರ ಗೊತ್ತಿದ್ದದ್ದು ನನಗೊಬ್ಬಳಿಗೆ, ಅದೂ ಒಂದೊಂದೇ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಕರೆ ಬಂದದ್ದು

ಊರಿಗೆಲ್ಲ ಲೈನ್ ಕೊಡುವವಳ ಮನೆಗೆ ಫೋನಿರಲಿಲ್ಲ. ಹಾಗಾಗಿ ಮಗಳಿಗೆ ಹಾಡು ಹೇಳಿಕೊಡುವ ಪಾಟ್ಟು ಟೀಚರು ಮೈಸೂರಿನ ಸಂಗೀತ ಸಭೆಯವರಿಗೆ ನನ್ನ ಆಫೀಸಿನ ನಂಬರನ್ನೇ ಕೊಟ್ಟಿದ್ದರು. ಒಂದು ದಿನ ಪಕ್ಕದ ಸೀಟಿನವಳು "ಉನಕ್ಕು ತಾನ್ ಕಾಲ್" ಅಂತ ಲೈನು ನನ್ನ ಕಡೆ ಕೊಟ್ಟಳು. ಆ ಕಡೆ ಸಭೆಯ ಸೆಕ್ರೆಟರಿ. ಮೆಲ್ಲಗೆ, ಸೊಗಸಾಗಿ ಮಾತಾಡುವ ಮನುಷ್ಯ. ಮೈಸೂರಿನ ಸಂಗೀತ ಪರಂಪರೆಯಿಂದ ಶುರು ಮಾಡಿದರು. ಅರಮನೆಯ ವಿದ್ವಾಂಸರಿಗೆ ಬಂದರು. ಬೇಸಿಗೆಯ ಉತ್ಸವ ಎಷ್ಟು ಹಳೆಯದು ಅಂದರು. ಈ ಸಲ ಗಡಿಯಾಚೆಯ ಎಳೆಯರಿಗೂ ಅವಕಾಶ ಕೊಡಬೇಕೆಂದು ನಿರ್ಧಾರವಾಗಿದೆ ಅಂದರು. "ಅದರಂತೆ, ನಿಮ್ಮ ಮಗಳಿಗೆ..." ಅನ್ನುವ ಹೊತ್ತಿಗೆ ಎದುರಿನ ಗಡಿಯಾರ ಕಣ್ಣಿಗೆ ಬಿತ್ತು. ಬಾಯಿ ತಾನಾಗಿ "ತ್ರೀ ಮಿನಿಟ್ಸ್ ಓವರ್" ಅಂದಿತು, ಕೈ ತಾನಾಗಿ ವಯರು ಕಿತ್ತಿತು.

ಕಿತ್ತ ಮೇಲೆ ಬುದ್ಧಿ ಬಂತು. ನಮ್ಮ ಮಗಳ ಭವಿಷ್ಯ ನನ್ನ ಕೈಯಲ್ಲೇ ಜೋತಾಡುತ್ತಿತ್ತು. ಸದ್ಯ, ಆ ಪುಣ್ಯಾತ್ಮರು ಇನ್ನೊಂದು ಸಲ ಕರೆ ಮಾಡಿದರು. ಈ ಸಲ ಪರಂಪರೆ ಇಲ್ಲ, ವಿದ್ವಾಂಸರಿಲ್ಲ. "ಹುಡುಗಿಗೆ ಶನಿವಾರ ಬೆಳಿಗ್ಗೆ ಅರ್ಧ ಗಂಟೆ, ಬನ್ನಿ" ಅಂತ ಒಂದೇ ಉಸಿರಿಗೆ ಹೇಳಿ, ನಾನು ಕೀಳುವ ಮೊದಲು ತಾವೇ ಫೋನ್ ಇಟ್ಟುಬಿಟ್ಟರು.

ಯಾವ ಶನಿವಾರ ಅಂತ ಕೇಳೋಕೆ ನಾನು ಟ್ರಂಕ್ ಕಾಲ್ ಬುಕ್ ಮಾಡಬೇಕಾಯಿತು.

ಡ್ರೈವರ್ ಹಿಂದಿನ ಸೀಟು

ಸೇಲಂನಿಂದ ಮೇಟ್ಟೂರಿನ ಮೇಲೆ, ಮಾದೇಶ್ವರನ ಬೆಟ್ಟ ಹತ್ತಿ ಇಳಿದು ಮೈಸೂರಿಗೆ ಹೋಗುವ ಬಸ್ಸು. ನಮ್ಮ ಮನೆಯವರು ಹಟ ಹಿಡಿದು ಡ್ರೈವರಿನ ಹತ್ತಿರದ ಸೀಟೇ ಹಿಡಿದರು. ಓಮಲೂರು ದಾಟುವ ಮೊದಲೇ ಅವರ ಬಲಗಾಲು ಕೆಲಸ ಶುರು ಮಾಡಿತು. ಎದುರಿಗೆ ಲಾರಿ ಬಂದರೆ ಒತ್ತು, ಸೈಕಲ್ ಬಂದರೆ ಒತ್ತು. ಮೇಚೇರಿಯಲ್ಲಿ ಸಂತೆಯ ದಿನ. ರಸ್ತೆ ತುಂಬ ಆಡು ಕುರಿ, ಒತ್ತಿದ ಕಾಲು ಎತ್ತಲೇ ಇಲ್ಲ. ಅಲ್ಲೇ ನಮ್ಮತ್ತೆ ಹತ್ತಿದರು. ಮಗನನ್ನು ನೋಡಿದ ಕೂಡಲೇ, "ಏನ್ಲಾ, ಕಾಲ್ ಇಡ್ಕಂಡೈತಾ? ಎಣ್ಣೆ ಅಚ್ಲಾ?" ಅಂದರು.

"ಸುಮ್ಕೆ ಕೂತ್ಕಳವ್ವಾ, ಅವ್ನು ಕ್ಲಚ್ ಮೇಲೇ ಕಾಲಿಟ್ಕಂಡ್ ಓಡಿಸ್ತಾವ್ನೆ" ಅಂತ ನಮ್ಮ ಮನೆಯವರು ಪಿಸುಗುಟ್ಟಿದರು. ಡ್ರೈವರ್ ಕನ್ನಡಿಯಲ್ಲಿ ಒಂದು ಸಲ ನೋಡಿದ.

ಬೆಟ್ಟದ ತಿರುವುಗಳು ಬಂದಾಗ ಇವರ ಪಾಡು ಹೇಳತೀರದು. ಎರಡು ಕೈಯಲ್ಲೂ ಮುಂದಿನ ಕಂಬಿ ಹಿಡಿದು, ಎರಡು ಕಾಲಲ್ಲೂ ಬಸ್ಸಿನ ನೆಲ ಒತ್ತಿ, ಹಣೆಯ ಮೇಲೆ ಬೆವರು. ಪ್ರತಿ ತಿರುವಿಗೂ "ಸೆಕೆಂಡ್ ಗೇರು, ಸೆಕೆಂಡ್ ಗೇರು" ಅಂತ ಗೊಣಗಾಟ. ಇಡೀ ಬಸ್ಸನ್ನು ಅವರೊಬ್ಬರೇ ಬೆಟ್ಟ ಹತ್ತಿಸಿದಷ್ಟು ಸುಸ್ತಾಗಿದ್ದರು. ಬೆಟ್ಟದ ಮೇಲೆ ಟೀ ಕುಡಿಯೋಕೆ ನಿಲ್ಲಿಸಿದಾಗ ಡ್ರೈವರ್ ನೆಟ್ಟಗೆ ಇವರ ಹತ್ತಿರವೇ ಬಂದ. ಕೊಳತ್ತೂರು ಕಡೆಯವನು, ನಮ್ಮ ಮಾತೇ. ಜಗಳ ಆಗುತ್ತದೆ ಅಂತ ನಾನು ಎದ್ದು ನಿಂತೆ.

ಅವನು ಕೈ ಮುಗಿದ. "ಅಣ್ಣಾ, ತಪ್ಪಾ ನೆನೆಸ್ಕಾಬೇಡಿ. ದಯಮಾಡಿ ಕಡೇ ಸೀಟ್ಗೆ ಓಗಿ. ನೀವು ಬ್ರೇಕ್ ಒತ್ತುವಾಗೆಲ್ಲ ನನ್ ಕಾಲೂ ತಾನಾಗೇ ಒತ್ತುತೈತೆ. ಈ ಪಾಟಿಗೆ ನಾವು ಮೈಸೂರಿಗೆ ನಾಳೀಕ್ಕೇ ಸೇರಾದು."

ಛತ್ರದ ಮ್ಯಾನೇಜರು

ಸಭೆಯವರು ನಮಗೆ ಒಂದು ಛತ್ರದಲ್ಲಿ ಕೋಣೆ ಗೊತ್ತು ಮಾಡಿದ್ದರು. ಮ್ಯಾನೇಜರು ಒಳ್ಳೆಯ ಮನುಷ್ಯ. ಸೇಲಂ ಅಂದ ಕೂಡಲೇ ಮುಖ ಅರಳಿಸಿ, "ವಾಂಗೋ ವಾಂಗೋ, ರೂಮು ರೆಡಿ ಇರುಕುದು, ನೀಂಗೋ ಕುಳಿಕ್ಕಿರದುಕ್ಕು ಸುಡುತಣ್ಣಿ ಕುಡುಕ್ಕಿರೋಂ" ಅಂತ ಒಂದೊಂದೇ ಮಾತು ಹುಡುಕಿ ಹುಡುಕಿ ತಮಿಳಿನಲ್ಲಿ ಶುರು ಮಾಡಿದರು. ನಾನು ಕನ್ನಡದಲ್ಲೇ, "ಬಿಸಿನೀರು ಬೆಳಿಗ್ಗೆ ಸಾಕು" ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಅತಿಥಿಗಳಿಗೆ ಅವರ ಭಾಷೆಯಲ್ಲೇ ಉಪಚಾರ ಮಾಡಬೇಕೆಂಬ ಹಟ. ಅವರ ಮನಸ್ಸು ನೋಯಿಸಬಾರದು ಅಂತ ನಮ್ಮ ಮನೆಯವರೂ ತಮಿಳಿನಲ್ಲೇ ಉತ್ತರ ಕೊಟ್ಟರು. ಅದು ಅವರಿಗೆ ಅರ್ಥವಾಗಲಿಲ್ಲ. ಆಗ ನಮ್ಮ ಮನೆಯವರು ತಮ್ಮ ತಮಿಳನ್ನೂ ಅವರ ತಮಿಳಿನ ಹಾಗೆ ಮುರಿದು ಮುರಿದು ಹೇಳತೊಡಗಿದರು. ಕೋಣೆಯ ಬೀಗ, ಸೊಳ್ಳೆ, ಊಟದ ಹೊತ್ತು, ಎಲ್ಲ ಹೀಗೇ ನಡೆಯಿತು. ಎರಡೂ ಕಡೆ ಕನ್ನಡದವರೇ, ಮಧ್ಯೆ ಸಾಯುತ್ತಿದ್ದದ್ದು ತಮಿಳು.

ನಮ್ಮತ್ತೆ ಗಂಟಿನ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಂತಿದ್ದರು. ಕಡೆಗೆ ತಡೆಯಲಾರದೆ ಮುಂದೆ ಬಂದು, ತುಂಬ ಮರುಕದಿಂದ ಕೇಳಿದರು. "ಯಾಕಪ್ಪಾ, ಮೈಸೂರಾಗ್ ಇದ್ಕಂಡು ನಿಂಗೆ ಕನ್ನಡ ಬರಾಕಿಲ್ವಾ?"

ಲೈನಲ್ಲಿರಿ

ಶನಿವಾರ ಬೆಳಿಗ್ಗೆ ಮಗಳಿಗೆ ಸೀರೆ ಉಡಿಸಿ, ಹೂ ಮುಡಿಸಿ, ಅರಮನೆ ಹತ್ತಿರದ ಆ ಹಳೇ ಸಭಾಭವನಕ್ಕೆ ಓಡಿದರೆ ಸೆಕ್ರೆಟರಿ ಬಾಗಿಲಲ್ಲೇ ಸಿಕ್ಕಿದರು. "ಒಂದು ಸಣ್ಣ ಬದಲಾವಣೆ. ದೊಡ್ಡ ವಿದ್ವಾಂಸರೊಬ್ಬರು ನಾಳೆ ಬರಬೇಕಾದವರು ಇವತ್ತೇ ಬಂದುಬಿಟ್ಟಿದ್ದಾರೆ. ಮಗು ಸಂಜೆ ಹಾಡಲಿ" ಅಂದರು. ಮಗಳು "ಸರಿ ಸಾರ್" ಅಂದಳು. ನಮ್ಮ ಮನೆಯವರಿಗೆ ಆಗಲೇ ಕಾಲು ಅಲುಗತೊಡಗಿತು. ಸೋಮವಾರ ಬೆಳಿಗ್ಗೆ ಅವರ ಶಿಷ್ಯರಿಗೆಲ್ಲ ಲೈಸೆನ್ಸ್ ಟೆಸ್ಟು, ನನಗೆ ಡ್ಯೂಟಿ. ಭಾನುವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ಇಬ್ಬರಿಗೂ ಕಷ್ಟ.

ಅದೇ ಯೋಚನೆಯಲ್ಲಿ ಹೋಗಿ ಕೂತೆ. ಎಕ್ಸ್‌ಚೇಂಜಿನಲ್ಲಿ ಈ ಹೊತ್ತಿಗೆ ಯಾರು ಕೂತಿರುತ್ತಾರೆ, ಸೋಮವಾರ ರಜ ಕೇಳಿದರೆ ಕೊಡುತ್ತಾರಾ, ಇದೇ ತಲೆಯಲ್ಲಿ. ವೇದಿಕೆಯ ಮೇಲೆ ದೊಡ್ಡ ವಿದ್ವಾಂಸರು ಬಂದು ಕೂತರು. ಸಭೆ ಉಸಿರು ಬಿಗಿಹಿಡಿದು ನಿಶ್ಶಬ್ದವಾಯಿತು. ಅವರು ಮೈಕಿನ ಹತ್ತಿರ ಬಾಗಿ, "ಹಲೋ... ಹಲೋ... ಕೇಳಿಸ್ತಾ ಇದೆಯಾ?" ಅಂದರು.

ಮೂರನೇ ಸಾಲಿನಿಂದ ನಾನು ಗಟ್ಟಿಯಾಗಿ, "ಲೈನ್‌ಲೆ ಇರುಂಗ ಸಾರ್, ಕನೆಕ್ಷನ್ ಕುಡುಕ್ಕುರೇನ್" ಅಂದೆ.

ಅವರು ಪಾಪ, ಲೈನಲ್ಲೇ ಇದ್ದರು. ತುಂಬ ಹೊತ್ತು ಶುರುವೇ ಮಾಡಲಿಲ್ಲ.

ಯಾವ ತಾಳ

ಆ ಕಚೇರಿಯಲ್ಲೇ ನಮ್ಮ ಮನೆಯವರ ಆ ಕಡೆ ಒಬ್ಬ ಹಿರಿಯರು ಕೂತಿದ್ದರು. ಜರಿ ಶಾಲು, ಗಂಧ, ಕಿವಿಯಲ್ಲಿ ಒಂಟಿ. ಪ್ರತಿ ಸಂಗತಿಗೂ ತಲೆದೂಗುತ್ತಾ, ತೊಡೆ ತಟ್ಟಿ ತಾಳ ಹಾಕುತ್ತಾ, ತಪ್ಪಿ ಯಾರಾದರೂ ಕೆಮ್ಮಿದರೆ ತಿರುಗಿ ನೋಡುವ ಪೈಕಿ. ನಮ್ಮ ಮನೆಯವರು ಕೈ ಕಟ್ಟಿ, ಕಣ್ಣು ಮುಚ್ಚಿ ಕೂತಿದ್ದರು. ಸೋಮವಾರ ಟೆಸ್ಟಿಗೆ ಹೋಗಬೇಕಾದ ಶಿಷ್ಯರನ್ನು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕೂರಿಸಿಕೊಂಡು ರೋಡಿನಲ್ಲಿ ಓಡಿಸುತ್ತಿದ್ದರಂತೆ. ಆದ್ದರಿಂದ ಕೆಳಗೆ ಎರಡು ಕಾಲೂ ಬಿಡುವಿಲ್ಲದೆ ನಡೆಯುತ್ತಿದ್ದವು. ಎಡಗಾಲು ಒಂದು ಸಲ ಆಳಕ್ಕೆ ಹೋಗಿ ಮೆಲ್ಲಗೆ ಮೇಲೆ ಬರುವುದು, ಬಲಗಾಲು ಎರಡು ಸಲ ತಟ್ಟುವುದು, ಮಧ್ಯೆ ಬಲಗೈ ಹೊರಗೆ ಬಂದು ಗಾಳಿಯಲ್ಲಿ ಏನನ್ನೋ ಹಿಂದಕ್ಕೆ ಎಳೆಯುವುದು.

ಹಿರಿಯರ ಕಣ್ಣು ಇವರ ಕಾಲಿನ ಮೇಲೆ ಬಿತ್ತು. ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಇವರ ಗಂಭೀರವಾದ ಮುಖ ನೋಡಿದರು. ಮುಚ್ಚಿದ ಕಣ್ಣು ನೋಡಿದರು. ಯಾರೋ ದೊಡ್ಡವರೇ ಇರಬೇಕು ಅನ್ನಿಸಿರಬೇಕು. ತಮ್ಮ ತಾಳ ಬಿಟ್ಟು ಇವರ ಕಾಲನ್ನೇ ಎಣಿಸತೊಡಗಿದರು. ಬೆರಳು ಮಡಚಿ ಒಂದು ಸಲ ಎಣಿಸಿದರು, ತಲೆಯಾಡಿಸಿ ಇನ್ನೊಂದು ಸಲ ಎಣಿಸಿದರು. ಅಷ್ಟರಲ್ಲಿ ಅವರ ಹಿಂದಿನ ಸಾಲಿನವರೂ, ಹಿರಿಯರು ತಾಳ ಬದಲಾಯಿಸಿದರೆಂದು ತಾವೂ ಬದಲಾಯಿಸಿದರು. ನಮ್ಮ ಮೂಲೆ ಒಂದೇ ಬೇರೆ ತಾಳದಲ್ಲಿ ಹೋಗುತ್ತಿತ್ತು. ವೇದಿಕೆಯಿಂದ ಮೃದಂಗದವರು ಎರಡು ಸಲ ಈ ಕಡೆ ಕೆಕ್ಕರಿಸಿ ನೋಡಿದರು.

ಚಪ್ಪಾಳೆ ಬಿದ್ದ ಮೇಲೆ ಹಿರಿಯರು ಬಾಗಿ, ತೀರಾ ವಿನಯದಿಂದ ಕೇಳಿದರು. "ಅಪರೂಪದ ಲೆಕ್ಕಾಚಾರ ಸ್ವಾಮಿ. ನನಗೆ ಹಿಡಿತಕ್ಕೆ ಸಿಗಲಿಲ್ಲ. ತಾವು ಹಾಕಿದ್ದು ಯಾವುದು?"

ನಮ್ಮ ಮನೆಯವರು ಕಣ್ಣು ಬಿಟ್ಟು ಹೇಳಿದರು. "ಸೆಕೆಂಡ್ ಗೇರು. ಥರ್ಡಿಗೆ ಬೀಳಲಿಲ್ಲ, ಜಾಮ್ ಆಗೋಯ್ತು."

ಬೋರ್ಡು ಓದಿದ್ದು

ಸಂಜೆ ಹೋದರೆ ಸೆಕ್ರೆಟರಿ ಮತ್ತೆ ಬಾಗಿಲಲ್ಲಿ. "ಇನ್ನೊಂದು ಸಣ್ಣ ಬದಲಾವಣೆ. ಇವತ್ತಿನ ನಾಟಕ ಉದ್ದ. ಮಗು ನಾಳೆ ಬೆಳಿಗ್ಗೆ ಹಾಡಲಿ." ಮಗಳು "ಸರಿ ಸಾರ್" ಅಂದಳು. ನಮ್ಮ ಮನೆಯವರು ಬಸ್ ಸ್ಟ್ಯಾಂಡಿಗೆ ಹೋಗಿ ಭಾನುವಾರದ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದರು. ಬಂದು ಕೂತು, ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅಂತ ಎದ್ದು ಇನ್ನೊಂದು ಸಲ ಹೋದರು.

ಅವರು ಇಲ್ಲದಾಗ ನಮ್ಮತ್ತೆ, "ಬಾತ್ರೂಮ್ ಎಲ್ಲೈತೆ ನೋಡಮ್ಮಿ, ಅರ್ಜೆಂಟೈತೆ" ಅಂದರು. ನಾಟಕ ಶುರುವಾಗುವ ಹೊತ್ತು, ಜನರ ನೂಕುನುಗ್ಗಲು. ವೇದಿಕೆಯ ಪಕ್ಕ ಎರಡು ಬಾಗಿಲಿದ್ದವು, ಎರಡಕ್ಕೂ ಬೋರ್ಡು. ನಾನು ಎಡಗಡೆಯದನ್ನು ಓದತೊಡಗಿದೆ. ಮೊದಲನೇ ಅಕ್ಷರವೇ ಒಂದರ ಕೆಳಗೊಂದು ಒತ್ತು ಹೊತ್ತ ಅಕ್ಷರ. ಬಿಡಿಸಿ, ಕೂಡಿಸಿ, ಬಾಯಲ್ಲಿ ಹೇಳಿಕೊಂಡು ನೋಡಿದರೆ "ಸ್ತ್ರೀ". ಅಷ್ಟು ಕಷ್ಟದ ಅಕ್ಷರ ಬಂತಲ್ಲ ಅನ್ನುವ ಖುಷಿಗೆ ಮುಂದಕ್ಕೆ ಓದಲೇ ಇಲ್ಲ. "ಅದೇ ಅತ್ತೆ, ಓಗಿ" ಅಂದೆ.

ಓದದೆ ಬಿಟ್ಟದ್ದು "ಪಾತ್ರಧಾರಿಗಳಿಗೆ" ಅಂತ.

ಒಳಗೆ ಮೇಕಪ್ ಮಾಡುವವರು ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ಆ ನಾಟಕದಲ್ಲಿ ಒಂದು ಮುದುಕಿಯ ಪಾತ್ರ, ಅದನ್ನು ಮಾಡಬೇಕಾದವರು ಇನ್ನೂ ಬಂದಿರಲಿಲ್ಲ. ನಮ್ಮತ್ತೆಯನ್ನು ನೋಡಿ ಅವರಿಗೆ ಹೋದ ಜೀವ ಬಂತು.

"ಅಜ್ಜಿ ತಾನೇ?" ಅಂದರಂತೆ.

"ಊಂ, ಅಜ್ಜೀನೇ. ಮೊಮ್ಮಗಳು ಆಚೆ ಕೂತವಳೆ" ಅಂದರಂತೆ ನಮ್ಮತ್ತೆ.

"ಕೂತ್ಕೊಳಿ, ಹೊತ್ತಾಯ್ತು, ಮಾತಾಡಬೇಡಿ" ಅಂತ ಅವರು ಕುರ್ಚಿಗೆ ಕೂರಿಸಿ ಮುಖಕ್ಕೆ ಏನೋ ಬಳಿಯತೊಡಗಿದರು. ದೊಡ್ಡ ಊರಿನಲ್ಲಿ ವಯಸ್ಸಾದವರಿಗೆ ಗಂಧ ಹಚ್ಚಿ ಮರ್ಯಾದೆ ಮಾಡುವ ಪದ್ಧತಿ ಇರಬಹುದು ಅಂತ ನಮ್ಮತ್ತೆ ಬಂದ ಕೆಲಸ ಮರೆತು ಸುಮ್ಮನೆ ಕೂತರು. ಅವರು ಹಣೆಯ ಮೇಲೆ ಗೆರೆ ಎಳೆದರು, ಕೆನ್ನೆಗೆ ಗುಳಿ ಬಿಡಿಸಿದರು, ತಲೆಗೆ ಬಿಳೀ ಪುಡಿ ಉದುರಿಸಿದರು. ಎಲ್ಲ ಮುಗಿಯಿತು ಅನ್ನುವಾಗ ನಿಜವಾದ ನಟಿ ಓಡೋಡಿ ಬಂದಳು. ಇಪ್ಪತ್ತೈದರ ಹುಡುಗಿ. ಮೇಕಪ್ಪಿನವರು ಒಂದು ಸಲ ಅವಳನ್ನು ನೋಡಿದರು, ಒಂದು ಸಲ ನಮ್ಮತ್ತೆಯನ್ನು ನೋಡಿದರು, ಆಮೇಲೆ ಬಾಗಿಲು ತೋರಿಸಿದರು.

ನಮ್ಮತ್ತೆ ಹೊರಗೆ ಬರುವ ಹೊತ್ತಿಗೆ ನಮ್ಮ ಮನೆಯವರು ಬಸ್ ಸ್ಟ್ಯಾಂಡಿನಿಂದ ಬಂದು ಕೂತಿದ್ದರು. ಯಾರೋ ನೂರು ದಾಟಿದ ಮುದುಕಿ ಖಾಲಿ ಸೀಟಿನಲ್ಲಿ ಕೂರಲು ಬರುತ್ತಿದ್ದಾಳೆ ಅಂತ ಎದ್ದು ನಿಂತು, "ಇಲ್ಲಿ ನಮ್ಮವ್ವ ಕೂತ್ಕತಾರಮ್ಮಾ. ನಂದ್ರಾಗೆ ಕೂತ್ಕಳಿ, ಪಾಪ, ಈ ವಯ್ಸಲ್ಲಿ ಒಬ್ರೇ ಬಂದಿದೀರಾ?" ಅಂದರು.

"ಲೇ, ನಾನೇ ಕಣ್ಲಾ ನಿಮ್ಮವ್ವ" ಅಂದರು ನಮ್ಮತ್ತೆ. ಆಮೇಲೆ ನನ್ನ ಕೈಚೀಲದ ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೇಳಿದರು. "ನನ್ ಮಖದಾಗ್ ಇರಾ ಸುಕ್ಕು ಸಾಲ್ದು ಅಂತ ಕೈಯಿಂದ ಇನ್ನೂ ನಾಕು ಆಕವ್ನಲ್ಲ, ಎಂಥಾ ಊರಪ್ಪ ಇದು."

ಮಿಕ್ಕ ನಾಟಕವನ್ನು ಅವರು ನೋಡಿದ್ದಕ್ಕಿಂತ, ಸುತ್ತಲಿನ ಜನ ಅವರನ್ನು ನೋಡಿದ್ದೇ ಹೆಚ್ಚು.

ಪರದೆ

ಭಾನುವಾರ ಬೆಳಿಗ್ಗೆಯೂ ಸೆಕ್ರೆಟರಿ ಬಾಗಿಲಲ್ಲೇ ಕಂಡರು. ಅವರು, "ಒಂದು ಸಣ್ಣ..." ಅಂದ ಕೂಡಲೇ ನಮ್ಮ ಮನೆಯವರು, "ಸಾರ್, ಬಸ್ಸು" ಅಂದರು. "ಅದಲ್ಲ, ಈಗಲೇ ಹಾಡುವುದು. ಆದರೆ ರಾತ್ರಿಯ ನಾಟಕ ಮಧ್ಯಾಹ್ನ ಮತ್ತೆ ಇದೆ, ಸೆಟ್ ಬಿಚ್ಚಿಲ್ಲ. ಅದರ ಮುಂದೆಯೇ ಕೂತು ಹಾಡಬೇಕು, ಬೇಸರವಿಲ್ಲವಲ್ಲ?" ಅಂದರು. ಮಗಳು "ಸರಿ ಸಾರ್" ಅಂದಳು.

ಸೆಟ್ ಅಂದರೆ ಒಂದು ಮನೆ. ಒಂದು ಮಂಚ, ಒಂದು ಒಲೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರು, ಹಗ್ಗದ ಮೇಲೆ ಒಣಗಿದ ಬಟ್ಟೆ. ಅದರ ಮುಂದೆ ಚಾಪೆ ಹಾಸಿ ಮಗಳನ್ನು ಕೂರಿಸಿದರು. ಪಿಟೀಲಿನವರೂ ಮೃದಂಗದವರೂ ಎರಡು ಕಡೆ ಕೂತರು. ಮೈಕು ಇಟ್ಟು ಹೋದರು. ಪರದೆ ಮುಚ್ಚಿತ್ತು. ಪರದೆಯ ಆಚೆ ಜನ ಬಂದು ಕೂರುವ ಸದ್ದು ಕೇಳುತ್ತಿತ್ತು. ನಾವು ಮೂವರೂ ಕೆಳಗೆ ಹೋಗಿ ಕೂತಿರಬೇಕಾಗಿತ್ತು. ಆದರೆ ಎರಡು ದಿನದಿಂದ ಕಾದು ಕಾದು ನಮಗೆ ಕೂರುವುದೇ ಮರೆತುಹೋಗಿತ್ತು.

ನಾನು ಕಡೇ ಸಲ ಸೆರಗು ಸರಿಮಾಡಿ ಬಂದುಬಿಡೋಣ ಅಂತ ವೇದಿಕೆ ಹತ್ತಿದೆ. ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಜನರ ಕಡೆ ಬೆನ್ನು ಮಾಡಿ, ಮಗಳ ಭುಜದ ಹತ್ತಿರ ಮಂಡಿಯೂರಿ ಕೂತೆ. ನನ್ನ ಹಿಂದೆಯೇ ನಮ್ಮ ಮನೆಯವರು ಬಂದರು. ಸೊಂಟಕ್ಕೆ ಕೈಯಿಟ್ಟು ಚಾಪೆಯ ಸುತ್ತ ತಿರುಗುತ್ತಾ, "ಇಂಗೆ ನೋಡು ಮಗಾ, ಆ ನಿಧಾನದ್ದು ಐತಲ್ಲ, ಅದ್ನ ಎತ್ಕಾಬೇಡ. ಎಲ್ಲಾನೂ ಒಸಿ ಸ್ಪೀಡಾಗೇ ಹಾಡ್ಬುಟ್ರೆ ಒಂದೂವರೆ ಬಸ್ಸೇ ಸಿಕ್ತದೆ" ಅಂತ ಶುರು ಮಾಡಿದರು.

"ಅಪ್ಪಾ, ಅದು ಹಾಗೆ ಹಾಡೋಕಾಗಲ್ಲ" ಅಂದಳು ಮಗಳು.

"ಯಾಕಾಗಲ್ಲ? ನೆನ್ನೆ ಆ ದೊಡ್ಡೋರು ಕಡೇಲಿ ಎಷ್ಟು ಸ್ಪೀಡಾಗೋದ್ರು. ಮೊದ್ಲೇ ಅಂಗೆ ಓಗಿದ್ರೆ ನಮ್ಗೆಲ್ಲ ಬೇಗ ಊಟ ಆಗ್ತಿತ್ತು."

ನನಗೆ ಬಯ್ಯಬೇಕು ಅನ್ನಿಸಿತು. ಬಾಯಲ್ಲಿ ಪಿನ್ನು. "ಊಂ ಊಂ" ಅಂತ ಕೈ ಬೀಸಿದೆ. ಅಷ್ಟರಲ್ಲಿ ನಮ್ಮತ್ತೆ ಇನ್ನೊಂದು ಕಡೆಯಿಂದ ಬಂದರು. ಸಭೆಯವರ ಅಡಿಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ಕೇಳಿ ತಂದಿದ್ದರು. ಮೊಮ್ಮಗಳಿಗೆ ದಿಷ್ಟಿ ತೆಗೆಯದೆ ಹಾಡಲು ಬಿಡುವುದಿಲ್ಲ ಅಂತ. ಮಗಳು ಕಣ್ಣು ಮುಚ್ಚಿ ತಲೆ ಬಗ್ಗಿಸಿ ಶ್ರುತಿ ಕೇಳಿಸಿಕೊಳ್ಳುತ್ತಿದ್ದಳು.

"ಎತ್ತು" ಅಂದರು ನಮ್ಮತ್ತೆ, ತಲೆಯನ್ನು. ಮಗಳು ಒಂದು ಚೂರು ಎತ್ತಿದಳು. "ಇನ್ನೂ ಎತ್ತು. ಎತ್ತು ಅಂದ್ರೆ ಪೂರ್ತಿ ಎತ್ತಬೇಕು."

ಮೈಕು ಆನ್ ಆಗಿಯೇ ಇತ್ತು. ಪಕ್ಕದಲ್ಲಿ ಪರದೆಯ ಹಗ್ಗ ಹಿಡಿದು ಸೂಚನೆಗೆ ಕಾಯುತ್ತಿದ್ದ ಮನುಷ್ಯ, ಸ್ಪೀಕರಿನಲ್ಲಿ ಬಂದ ಅಪ್ಪಣೆಯ ಪ್ರಕಾರ, ಪೂರ್ತಿ ಎತ್ತಿದ.

ನಮಗೆ ಯಾರಿಗೂ ಗೊತ್ತಾಗಲಿಲ್ಲ. ನಾನು ಬೆನ್ನು ಹಾಕಿದ್ದೆ. ನಮ್ಮತ್ತೆಯ ಕಣ್ಣು ಮೊಮ್ಮಗಳ ಮೇಲೆ. ನಮ್ಮ ಮನೆಯವರು ಕೈಗಡಿಯಾರ ನೋಡುತ್ತಿದ್ದರು. ಪಿಟೀಲಿನವರು ಮಾತ್ರ ಕಂಡರು, ಕಂಡೂ ಕಾಣದವರ ಹಾಗೆ ತಲೆ ಬಗ್ಗಿಸಿ ಪಿಟೀಲಿನ ಬಿರಡೆ ತಿರುಗಿಸತೊಡಗಿದರು. ಜನರ ಕಣ್ಣಿಗೆ ಕಂಡದ್ದು ಇಷ್ಟು. ಒಂದು ಮನೆ, ಮಂಚ, ಒಲೆ, ನಡುವೆ ಕೂತ ಹುಡುಗಿ, ಬೆನ್ನು ತಿರುಗಿಸಿ ಸೆರಗು ಸರಿಮಾಡುವ ತಾಯಿ, ಅವಸರದ ತಂದೆ, ಮುಷ್ಟಿ ಸುತ್ತುವ ಅಜ್ಜಿ. ನಾಟಕ ಅಂತ ಅವರು ಕೂತು ನೋಡತೊಡಗಿದರು.

ನಮ್ಮತ್ತೆ ಮುಷ್ಟಿ ಸುತ್ತುತ್ತಾ ಹೇಳುತ್ತಿದ್ದರು. "ಸೇಲಂ ಕಣ್ಣು, ಓಮಲೂರ್ ಕಣ್ಣು, ಬಸ್ಸಾಗೆ ಎದ್ರುಗೆ ಕೂತಿದ್ನಲ್ಲ ಆ ಮೀಸೆಯೋನ್ ಕಣ್ಣು, ಪಾಟ್ಟು ಟೀಚರಮ್ಮನ ಕಣ್ಣು, ಇವತ್ತು ನಾಳೆ ಅಂತ ನಮ್ನ ಅಲೆದಾಡ್ಸಿದ್ನಲ್ಲ ಆ ಸೆಕ್ರೆಟರಿ ಕಣ್ಣು..."

ಜನ ಹೋ ಅಂದರು. ಪರದೆಯ ಆಚೆ ಏನೋ ತಮಾಷೆ ನಡೆಯುತ್ತಿರಬೇಕು ಅಂದುಕೊಂಡೆ.

"ಸಾಕು ಮುಗಿಸವ್ವಾ" ಅಂದರು ನಮ್ಮ ಮನೆಯವರು. "ಊರೋರ ಕಣ್ಣೆಲ್ಲ ಎಣಿಸ್ತಾ ಕೂತ್ರೆ ಎರಡೂವರೆ ಬಸ್ಸೂ ಸಿಕ್ಕಾಕಿಲ್ಲ."

"ನೀನ್ ಸುಮ್ಕಿರ್ಲಾ. ನಿನ್ ಮದ್ವೇಲಿ ದಿಷ್ಟಿ ತಗೀದೆ ಬುಟ್ಟಿದ್ಕೇ ನೀನ್ ಇಂಗಾಗಿರಾದು" ಅಂದರು ನಮ್ಮತ್ತೆ, ನನ್ನ ಕಡೆ ನೋಡಿ.

ಈ ಸಲ ಜೋರಾಗಿ ಚಪ್ಪಾಳೆಯೇ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಪಿನ್ನುಗಳನ್ನು ಕೈಗೆ ಉಗುಳಿ, ಏನೋ ಹೇಳಬೇಕು ಅನ್ನುವಷ್ಟರಲ್ಲಿ ಬೆನ್ನಿಗೆ ತಣ್ಣಗೆ ಗಾಳಿ ಬೀಸಿತು. ಪರದೆಯ ಹಿಂದೆ ಫ್ಯಾನಿರಲಿಲ್ಲ. ಗಾಳಿ ಎಲ್ಲಿಂದ ಅಂತ ತಿರುಗಿ ನೋಡಿದೆ. ಇಡೀ ಸಭೆ ನನ್ನನ್ನು ನೋಡುತ್ತಿತ್ತು. ಮೊದಲ ಸಾಲಿನಲ್ಲಿ ಸೆಕ್ರೆಟರಿ ಮುಖಕ್ಕೆ ಕರ್ಚೀಫು ಒತ್ತಿಕೊಂಡಿದ್ದರು. ನಾನು ಪಿನ್ನುಗಳನ್ನು ಮತ್ತೆ ಬಾಯಿಗೆ ತುರುಕಿಕೊಂಡೆ. ನಮ್ಮ ಮನೆಯವರು ಜನರನ್ನು ಕಂಡು, ತೋಚದೆ, ಸೆಟ್ಟಿನ ಮಂಚದ ಮೇಲೆ ಹೋಗಿ ಕೂತುಬಿಟ್ಟರು.

ನಮ್ಮತ್ತೆ ಒಬ್ಬರೇ ಗಲಿಬಿಲಿಗೊಳ್ಳಲಿಲ್ಲ. ನಿಧಾನವಾಗಿ ತಿರುಗಿ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ನೋಡಿದರು. ಕೈಯಲ್ಲಿದ್ದ ಉಪ್ಪು ನೋಡಿದರು. ಆಮೇಲೆ ಪಿಟೀಲಿನವರ ಕಡೆ ಬಾಗಿ, ತಮ್ಮ ಪಿಸುಮಾತಿನಲ್ಲಿ ಹೇಳಿದರು. "ಇಷ್ಟು ಕಣ್ಣಿಗೆ ಈ ಉಪ್ಪು ಎಲ್ಲಿ ಸಾಲ್ತದೆ? ಒಳಕ್ಕೋಗಿ ಇನ್ನೊಂದೊಸಿ ಈಸ್ಕಂಡ್ ಬಾಪ್ಪಾ."

ಪಿಟೀಲಿನವರು ಕಮಾನು ಕೆಳಗಿಟ್ಟು ನಕ್ಕುಬಿಟ್ಟರು. ಮೃದಂಗದವರ ಹೊಟ್ಟೆ ಕುಣಿಯುತ್ತಿತ್ತು. ಎರಡು ದಿನ "ಸರಿ ಸಾರ್" ಬಿಟ್ಟು ಹೆಚ್ಚೇನೂ ಮಾತಾಡದ ನಮ್ಮ ಮಗಳು ಮೈಕಿನಲ್ಲಿ ಮೆಲ್ಲಗೆ, "ಅಜ್ಜಿ, ಅಮ್ಮ, ಅಪ್ಪ, ಇನ್ನು ಇಳೀರಿ. ನಾನ್ ಹಾಡ್ತೀನಿ" ಅಂದಳು. ಅಂದವಳೇ ಶುರು ಮಾಡಿದಳು. ಅದೂ ನಮ್ಮ ಮನೆಯವರು ಬೇಡ ಅಂದ ಆ ನಿಧಾನದ್ದನ್ನೇ.

ನಾವು ಪಕ್ಕದ ಕತ್ತಲಿಗೆ ಸರಿದು ನಿಂತೆವು. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಅವಳ ದನಿ ಮೊದಲು ಒಂದು ಸಲ ನಡುಗಿತು, ಆಮೇಲೆ ಗಟ್ಟಿಯಾಗಿ ನಿಂತಿತು. ಅರ್ಧ ಗಂಟೆ ಅಂದದ್ದು ಮುಕ್ಕಾಲು ಗಂಟೆಯಾಯಿತು, ಸೆಕ್ರೆಟರಿಯೇ ಇನ್ನೊಂದು ಹಾಡು ಅಂತ ಕೈ ತೋರಿಸಿದರು. ನಮ್ಮ ಮನೆಯವರು ಆ ಮುಕ್ಕಾಲು ಗಂಟೆ ಗಡಿಯಾರ ನೋಡಲಿಲ್ಲ. ನಾನು ಅವರ ಮುಖ ನೋಡಲಿಲ್ಲ, ನನ್ನ ಕಣ್ಣೇ ಒದ್ದೆಯಾಗಿತ್ತು. ನಮ್ಮತ್ತೆ ಉಪ್ಪಿನ ಮುಷ್ಟಿ ಬಿಗಿಹಿಡಿದೇ ನಿಂತಿದ್ದರು.

ಮುಗಿದ ಮೇಲೆ ಗಂಟುಮೂಟೆ ಹೊತ್ತುಕೊಂಡು ಗೇಟಿನ ಕಡೆ ಓಡುತ್ತಿದ್ದೆವು. ಹಿಂದಿನಿಂದ ಯಾರೋ, "ಸ್ವಾಮಿ, ಒಂದು ನಿಮಿಷ" ಅಂತ ಓಡಿಬಂದರು. ಹತ್ತಿರದ ಯಾವುದೋ ಊರಿನ ಕಲಾಸಂಘದವರಂತೆ. ಮಗಳನ್ನು ಹಾಡಲು ಕರೆಯುತ್ತಾರೆ ಅಂತ ನನಗೆ ಹೆಮ್ಮೆಯಿಂದ ಕಾಲು ನೆಲದ ಮೇಲಿರಲಿಲ್ಲ. ಅವರು ನಮ್ಮ ಮನೆಯವರ ಎರಡು ಕೈಯನ್ನೂ ಹಿಡಿದುಕೊಂಡು, "ನಮ್ಮೂರಲ್ಲೂ ಒಂದು ಕಾರ್ಯಕ್ರಮ ಇದೆ. ನಿಮ್ಮ ತಂಡ ಬಂದು ಇದೇ ನಾಟಕ ಮಾಡಿಕೊಡಬೇಕು. ಅಜ್ಜಿ ಪಾತ್ರ ಮಾಡಿದೋರಂತೂ ಎಂಥ ಸಹಜ ಅಭಿನಯ ಸ್ವಾಮಿ" ಅಂದರು. ನಮ್ಮತ್ತೆ ಸೆರಗು ಸರಿ ಮಾಡಿಕೊಂಡರು.

ಅವರು ಸ್ವಲ್ಪ ಹತ್ತಿರ ಬಂದು, ಮಗಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು.

"ಮಧ್ಯದಲ್ಲಿ ಆ ಹುಡುಗಿ ಹಾಡಿದ್ದು ಮಾತ್ರ ಒಂಚೂರು ಉದ್ದವಾಯ್ತು. ಅದನ್ನ ಕಮ್ಮಿ ಮಾಡ್ಕೊಂಡು ಬನ್ನಿ."